ಸಾಹೇಬರು ಏನೂ ಅನ್ನಲಿಲ್ಲ

ಚಿತ್ರದುರ್ಗ
೯ ನವೆಂಬರ್ ೨೦೨೫

ಪ್ರೀತಿಯ ಅವ್ವನಿಗೆ,

ನಿನ್ನ ಅನುಪಮಾಳ ನಮಸ್ಕಾರ. ದೀಪಾವಳಿಗೇ ಬರೆಯುತ್ತೇನೆಂದವಳು ಈಗ ಕೂತಿದ್ದೇನೆ, ಬಯ್ಯಬೇಡ. ಪಾಪುವಿಗೆ ಹಲ್ಲು ಬರುತ್ತಿವೆ. ಅವಳು ಅತ್ತರೆ ನಿದ್ದೆಯಿಲ್ಲ. ಅಳದಿದ್ದರೆ ಯಾಕೆ ಅಳುತ್ತಿಲ್ಲ ಎಂದು ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತೇನೆ. ವಿನೋದ್ ನಗುತ್ತಾರೆ. ಅವರನ್ನು ಮೆಚ್ಚಿ ಮದುವೆಯಾದಾಗಿನಿಂದ ಅಪ್ಪ ನನ್ನೊಡನೆ ಮಾತು ಬಿಟ್ಟಿದ್ದರೂ, ನೀನು ಫೋನು ಹಿಡಿದು ಹಿತ್ತಿಲಿಗೆ ಹೋಗಿ, "ನಿಮ್ಮಪ್ಪ ಕೇಳ್ತಿದ್ರು ಕಣೇ, ಕೂಸಿಗೆ ಥಂಡಿ ಆಗದಂಗೆ ನೋಡ್ಕ ಅಂದ್ರು" ಎಂದು ತಲುಪಿಸುತ್ತೀಯಲ್ಲ, ಅದೇ ನನಗೆ ದೊಡ್ಡದು.

ಸಚಿವರ ವಕ್ತಾರೆ ಅಂದರೆ ಏನು ಕೆಲಸ ಎಂದು ನೀನು ಕೇಳಿದ್ದೆಯಲ್ಲ. ಅವರು ಆಡಿದ್ದನ್ನು ಪತ್ರಿಕೆಯವರಿಗೆ ಹೇಳುವುದು. ಒಮ್ಮೊಮ್ಮೆ ಆಡದ್ದನ್ನೂ ಹೇಳುವುದು. ಹೋದ ವಾರ ಜವನಗೊಂಡನಹಳ್ಳಿ ಹತ್ತಿರ ಶೇಂಗಾ ಕೀಳಲು ಹೊರಟಿದ್ದ ಹೆಂಗಸರ ಟೆಂಪೋ ಮಗುಚಿತು. ಒಬ್ಬಳು ತೀರಿಕೊಂಡಳು. ನಮ್ಮ ಸಚಿವ ಸಾಹೇಬರ ಫೋನ್ ಸಿಗಲಿಲ್ಲ. ಪಾಪುವನ್ನು ತೊಡೆಯ ಮೇಲೆ ಹಾಕಿಕೊಂಡೇ ಹೇಳಿಕೆ ಬರೆದು ಕಳಿಸಿದೆ: "ಸುದ್ದಿ ಕೇಳಿ ಸಚಿವರು ಕಣ್ಣೀರಿಟ್ಟರು." ನಮ್ಮಲ್ಲಿ ಇದು ವಾಡಿಕೆ. ಆಮೇಲೆ ತಿಳಿಸಿದರೆ ಅವರೂ "ಆಯ್ತಮ್ಮ" ಎನ್ನುತ್ತಾರೆ.

ಮರುದಿನ ಗಾಯಾಳುಗಳನ್ನು ನೋಡಲು ಆಸ್ಪತ್ರೆಗೆ ಹೋದೆ. ಸೊಸೆಯನ್ನು ಕಳೆದುಕೊಂಡ ತಿಪ್ಪಕ್ಕನೆಂಬ ಅಜ್ಜಿ, ಮುರಿದ ಕೈಗೆ ಪಟ್ಟಿ ಹಾಕಿಸಿಕೊಂಡು ಕೂತಿದ್ದಳು.

"ಸಾಹೇಬ್ರು ಅತ್ರಂತೆ, ಪೇಪರ್‌ನಾಗೆ ಐತಂತೆ. ಹೌದೇನವ್ವ?"

ಹೌದು ಎನ್ನಲು ಹೊರಟವಳು ನಿಜವನ್ನೇ ಹೇಳಿದೆ. "ಇಲ್ಲಜ್ಜಿ, ನಾನೇ ಬರೆದದ್ದು."

ಅಜ್ಜಿ ಪಟ್ಟಿ ಹಾಕಿದ ಕೈಯನ್ನು ಮಡಿಲಿಗೆ ಎಳೆದುಕೊಂಡಳು. "ಒಳ್ಳೇದ್ಕೇ ಬರ್ದಿದ್ದಿ ಬಿಡು. ಆದ್ರೆ ನಾನು ಅದನ್ನೇ ನಂಬ್ಕಂಡು ಕುಂತಿದ್ನಲ್ಲವ್ವ. ಆವಯ್ಯಂಗೆ ಬಾಯಿಲ್ವೇನು? ಬರಾಕೆ ಹೇಳು."

ಸಾಹೇಬರಿಗೆ ಹೇಳಿದೆ. "ನೀನೇ ಪೇಪರಲ್ಲಿ ನನ್ನ ಅಳಿಸಿಬಿಟ್ಟಿದೀಯಲ್ಲಮ್ಮ, ಇನ್ನು ನಾನು ಬಂದು ಏನು ಮಾಡ್ಲಿ?" ಎಂದು ಸಿಡುಕಿದರು. ಕೆಲಸ ಹೋಯಿತು ಎಂದುಕೊಂಡೆ. ಸಂಜೆ ನೋಡಿದರೆ ಕಾರು ಆಸ್ಪತ್ರೆ ಮುಂದಿದೆ! ಅಜ್ಜಿಯ ಮಂಚದ ತುದಿಯಲ್ಲಿ ಕೂತರು. ಮೈಕು ಸಿಕ್ಕರೆ ಬಿಡದ ಮನುಷ್ಯನಿಗೆ ಮಾತೇ ಹೊರಡಲಿಲ್ಲ. ಕೊನೆಗೆ ಅಜ್ಜಿಯೇ, "ಟೀ ಕುಡೀತೀಯೇನಪ್ಪ?" ಎಂದಳು. ಕುಡಿದರು.

ಹೊರಗೆ ವರದಿಗಾರ ಅತೀಫ್ ಕಾದಿದ್ದ. "ಏನ್ ಮೇಡಂ, ಇವತ್ತೆಷ್ಟು ಲೀಟರ್ ಕಣ್ಣೀರು ಬರ್ಕಳ್ಳಿ?"

"ಸಾಹೇಬರು ಏನೂ ಅನ್ನಲಿಲ್ಲ. ಕೂತಿದ್ದರು, ಅಷ್ಟೇ" ಎಂದೆ. ಅವನು ನಗಲಿಲ್ಲ, ಹಾಗೆಯೇ ಬರೆದ. ಮರುದಿನ ಸಾಹೇಬರು, "ಇನ್ಮೇಲೆ ನನ್ನ ಕೇಳದೆ ನನ್ನ ಅಳಿಸ್ಬೇಡಮ್ಮ" ಎಂದರು. ಕೆಲಸ ಉಳಿದಿದೆ, ಅವ್ವ. ಅವತ್ತು ಪಾಪುವಿನ ಜೊತೆ ನಾನೂ ನಿದ್ದೆ ಮಾಡಿದೆ.

ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಡಬೇಡ. ನಿನ್ನ ಮೊಮ್ಮಗಳು ಎರಡು ಹಲ್ಲಿನ ನಗು ಕಳಿಸಿದ್ದಾಳೆ. ನಮ್ಮ ಮೂವರ ತಲೆಯ ಮೇಲೂ ನಿನ್ನ ಕೈ ಇರಲಿ.

ನಿನ್ನ ಮಗಳು
ಅನುಪಮಾ

ತಾ.ಕ.: ಅವ್ವ, ಅಪ್ಪ ಅಂದರೆಂದು ನೀನು ಹೇಳುವುದೆಲ್ಲ ನೀನೇ ಕಟ್ಟಿದ್ದಲ್ಲವೇ? ನಾಮಕರಣಕ್ಕೆ ಅಪ್ಪ ಬಾರದಿದ್ದಾಗ, "ಕಾಲುನೋವು ಕಣೇ, ಬರಾಕಾಗ್ಲಿಲ್ಲ ಅಂತ ಅತ್ರು" ಎಂದು ನೀನು ಹೇಳಿದ್ದೆ. ನಾನೂ ತಿಪ್ಪಕ್ಕನ ಹಾಗೆ ಅದನ್ನೇ ನಂಬಿಕೊಂಡು ಕೂತಿದ್ದೆ. ನನ್ನ ಕಸುಬೇ ಅದಾಗಿದ್ದೂ ತಿಳಿಯಲಿಲ್ಲ ನೋಡು. ಕೋಪವಿಲ್ಲ. ಇಷ್ಟು ದಿನ ಇಬ್ಬರ ಮಾತನ್ನೂ ಒಬ್ಬಳೇ ಆಡಿ ದಣಿದಿದ್ದೀ. ಬರುವ ಭಾನುವಾರ ಪಾಪುವನ್ನೆತ್ತಿಕೊಂಡು ಚಿಕ್ಕಜಾಜೂರಿಗೆ ರೈಲಿನಲ್ಲಿ ಬರುತ್ತೇನೆ. ಸರ್ವಿಸ್ ಪೂರ್ತಿ ಊರವರ ರೈಲಿಗೆಲ್ಲ ಹಸಿರು ಬಾವುಟ ತೋರಿಸಿದವರು ಅಪ್ಪ. ಮಾತು ಬೇಡ, ಪ್ಲಾಟ್‌ಫಾರ್ಮಿಗೆ ಬಂದು ನಿಂತರೆ ಸಾಕು. ಬಾರದಿದ್ದರೆ ನೀನು ಕಾರಣ ಹೇಳಬೇಡ. ನಾನೇ ಮನೆಗೆ ಬಂದು ಅವರ ಪಕ್ಕದಲ್ಲಿ ಕೂತುಕೊಳ್ಳುತ್ತೇನೆ. ಪಾಪು ಅವರ ಮೀಸೆ ಹಿಡಿದು ಎಳೆದರೆ, ಏನಾದರೂ ಅನ್ನಲೇಬೇಕಲ್ಲ.