ಕಡಲಲ್ಲಿ ನೆನೆಯುತ್ತಿರುವ ಕೇದಗೆ ಎಲೆ

ಲೋಸೆಲಿ ಮಗಳೇ,

ಬೆಳಗಿನ ಪ್ರಾರ್ಥನೆಗೆ ಹೊರಟಿದ್ದೇನೆ. ಎರಡು ಸಲ ಎಬ್ಬಿಸಿದರೂ ನೀನು ಏಳಲಿಲ್ಲ. ಮರಗೆಣಸು ಬೇಯಿಸಿಟ್ಟಿದ್ದೇನೆ, ತಿನ್ನು.

ಹತ್ತು ಗಂಟೆಗೆ ಕಡಲು ಇಳಿಯುತ್ತದೆ. ಆಗ ಹೋಗಿ, ಚಾಪೆ ನೇಯಲು ನೆನೆಹಾಕಿದ ಕೇದಗೆ ಎಲೆಗಳನ್ನು ತಂದು ಬಿಸಿಲಿಗೆ ಹರಡು. ನಾಳೆ ಭಾನುವಾರ, ಕೆಲಸ ಮುಟ್ಟುವಂತಿಲ್ಲ. ಸೋಮವಾರಕ್ಕೆ ಬಿಟ್ಟರೆ ಕೊಳೆತುಹೋಗುತ್ತವೆ.

"ಅಂಗಡೀಲೇ ಚಾಪೆ ಸಿಗುತ್ತಲ್ಲ ಅಜ್ಜಿ, ಯಾಕೆ ಒದ್ದಾಡ್ತೀಯ?" ಅಂದೆ ನೀನು ನಿನ್ನೆ. ನಾನು ಏಳು ವರ್ಷಕ್ಕೇ ಆ ನೀರಿಗಿಳಿದವಳು. ತಡವಾದರೆ ಅವ್ವ ಪೊರಕೆಯಿಂದ ಬಾರಿಸುತ್ತಿದ್ದಳು. ನಿನ್ನ ತಾಯಿಗೆ ನಾನೂ ಬಾರಿಸಿದೆ. ನಿನಗೆ ಹೊಡೆಯಲು ಈಗ ತ್ರಾಣವೂ ಇಲ್ಲ, ಮನಸ್ಸೂ ಇಲ್ಲ. ಹಿರಿಯರ ಕಾಲನ್ನು ನಾವು ಹೆದರಿ ಒತ್ತುತ್ತಿದ್ದೆವು. ನೀನು ಯಾರೂ ಹೇಳದೆ, ಅಜ್ಜ ಕೊನೆಗೆ ಕಣ್ಣು ಮುಚ್ಚುವವರೆಗೂ ಅವರ ಕಾಲು ಒತ್ತಿದೆ. ದೇವರು ಅದನ್ನು ನೋಡಿದ್ದಾನೆ, ನಾನೂ ನೋಡಿದ್ದೇನೆ.

ಎಲೆಗಳ ಆ ಕಟ್ಟನ್ನು, ನೀನು ಚರ್ಚಿಗೆ ಹೋಗುವಾಗ ನಮ್ಮ ಪದ್ಧತಿಯಂತೆ ಸೊಂಟಕ್ಕೆ ಸುತ್ತಿಕೊಳ್ಳುವ ಚಾಪೆಗೆಂದು, ಅಜ್ಜ ಹಾಸಿಗೆಯಲ್ಲಿ ಕೂತೇ, ತೇಲಿಹೋಗದಂತೆ ಕಲ್ಲಿಗೆ ಬಿಗಿದುಕೊಟ್ಟಿದ್ದರು. ನಿನ್ನೆ ನಾನೇ ನೀರಿಗಿಳಿದೆ. ಅವರು ಹಾಕಿದ ಗಂಟು ಮುಟ್ಟಿದೆ, ಬಿಚ್ಚಲಾರದೆ ಹಿಂದಿರುಗಿದೆ.

ನೀನು ಬಿಚ್ಚು. ನಿಧಾನವಾದರೂ ಸರಿ, ಹಗ್ಗ ಕತ್ತರಿಸಬೇಡ.

ಅಜ್ಜಿ