ಬಾವುಟ ಕಳೆದುಕೊಂಡವನ ಸಾಕ್ಷಿ

...ಶತ್ರುವಿನ ಮಾತು ಸಾಕ್ಷಿಯಾಗದು ಎಂದೋ ಏನೋ ನಿಮ್ಮ ಗುಮಾಸ್ತರು ಬರೆದಿದ್ದರಲ್ಲ, ಮಾನ್ಯ ಪದಕ ಪರಿಶೀಲನಾಧಿಕಾರಿಗಳೇ, ಆ ಕಾಗದ ಈಗ ನನ್ನ ಬಳಿ ಇಲ್ಲ. ಅಪ್ಪ ಅದನ್ನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಾನೆ. ಅದರ ತಾತ್ಪರ್ಯ ಇಷ್ಟು: ಉತ್ತರದ ಸೇನೆಯಲ್ಲಿದ್ದ ವರ್ಮಾಂಟಿನ ಕಾಲಾಳು, ನನ್ನ ಅಪ್ಪ ಲೂಥರ್ ಪ್ರೌಟಿ ಐವತ್ತೆರಡು ವರ್ಷಗಳ ಹಿಂದೆ, ಅಂತರ್ಯುದ್ಧದಲ್ಲಿ, ದಕ್ಷಿಣದವರ ಬಾವುಟ ಕಿತ್ತುಕೊಂಡದ್ದನ್ನು ಕಣ್ಣಾರೆ ಕಂಡ ಇಬ್ಬರು ಅವನದೇ ತುಕಡಿಯವರು ಪ್ರಮಾಣ ಮಾಡಬೇಕು. ಇಲ್ಲವಾದರೆ ಪದಕ ಪಡೆದವರ ಪಟ್ಟಿಯಿಂದ ಅವನ ಹೆಸರು ತೆಗೆಯಲಾಗುವುದು.

ತುಕಡಿಯವರೆಲ್ಲ ಮಣ್ಣು ಸೇರಿದ್ದಾರೆ. ಕಂಡವರಲ್ಲಿ ಉಳಿದಿರುವುದು ಒಬ್ಬರೇ, ಆ ಬಾವುಟ ಹಿಡಿದಿದ್ದ ನಾರ್ತ್ ಕೆರೊಲಿನಾದ ಟಾಲಿವರ್ ಗ್ರಿಗ್ಸ್‌ಬಿ. ಅವರು ಕಳಿಸಿದ ಪ್ರಮಾಣಪತ್ರವನ್ನು ತಾವು ಹಿಂದಿರುಗಿಸಿದಿರಿ. ಶತ್ರುವಿನ ಕೈಯಿಂದ ಬಾವುಟ ಕಸಿಯುವಾಗ ಪಕ್ಕದಲ್ಲಿ ಯಾರಿರುತ್ತಾರೆಂದು ತಮ್ಮ ಕಚೇರಿಯ ಅಂದಾಜು? ನಮ್ಮವರಿಬ್ಬರು ಅಷ್ಟು ಹತ್ತಿರ ನಿಂತಿದ್ದರೆ ಅವರೇ ಕಸಿದುಕೊಂಡು ಪದಕ ಪಡೆಯುತ್ತಿರಲಿಲ್ಲವೇ?

ನಡೆದದ್ದು ಸರಳ. ಗ್ರಿಗ್ಸ್‌ಬಿ ತೊರೆಯ ಕೆಸರಿನಲ್ಲಿ ಸೊಂಟದವರೆಗೆ ಹೂತಿದ್ದರು, ಬಾವುಟದ ಕೋಲು ಬಿಡಲೊಲ್ಲರು. ಅಪ್ಪ ಎಳೆದ. ಬಾವುಟದ ಹಿಂದೆಯೇ ಮನುಷ್ಯನೂ ಬಂದ. ಮೂರು ವರ್ಷಗಳ ಹಿಂದೆ ಎರಡೂ ಕಡೆಯ ಮುದುಕರು ಒಂದೇ ಡೇರೆಯಡಿ ಊಟಕ್ಕೆ ಸೇರಿದ್ದಾಗ ನಾನೂ ಜೊತೆಗಿದ್ದೆ.

"ಲೋ ಕಳ್ಳ, ನನ್ನ ಬಾವುಟ ಎಲ್ಲೋ?" ಎಂದರು ಗ್ರಿಗ್ಸ್‌ಬಿ.

"ಮೊದಲು ನೀನು ನನ್ನ ಬೂಟಿಗೆ ಮೆತ್ತಿದ ಕೆಸರು ತೊಳೆಯೋ," ಎಂದ ಅಪ್ಪ.

ಇಬ್ಬರೂ ಒಂದೇ ತಟ್ಟೆಯಿಂದ ಬೀನ್ಸ್ ತಿಂದರು. ಇಂಥ ಶತ್ರುತ್ವ ತಮ್ಮ ನಿಯಮಾವಳಿಯ ಯಾವ ಕಲಮಿನಡಿ ಬರುತ್ತದೋ ತಿಳಿಯದು.

ಇನ್ನೊಂದು ತೊಡಕಿದೆ. ಬಾವುಟ ತಂದವನಿಗೆ ಆಗ ಪದಕದ ಜೊತೆ ಮೂವತ್ತು ದಿನಗಳ ರಜೆ ಸಿಗುತ್ತಿತ್ತು. ಪದಕಕ್ಕಿಂತ ರಜೆಯೇ ದೊಡ್ಡದೆಂದು ಸೈನಿಕರ ಎಣಿಕೆ. ಆ ರಜೆಯಲ್ಲೇ ಅಪ್ಪ ಊರಿಗೆ ಬಂದು ಅಮ್ಮನನ್ನು ಮದುವೆಯಾದ. ಬಾವುಟ ಸುಳ್ಳೆಂದಾದರೆ ರಜೆ ಅಕ್ರಮ, ರಜೆ ಅಕ್ರಮವಾದರೆ ಮದುವೆ ಅನುಮಾನಾಸ್ಪದ. ನನ್ನನ್ನು ಯಾವಾಗ ರದ್ದು ಮಾಡುತ್ತೀರಿ?

ನಗೆಯ ಮಾತು ಅಲ್ಲಿಗೆ ನಿಲ್ಲಲಿ. ಇಷ್ಟು ವರ್ಷ ನಾನು ಈ ಪದಕಕ್ಕೆ ಹೆಚ್ಚು ಬೆಲೆ ಕೊಟ್ಟವಳಲ್ಲ. ಲೋಹದ ನಕ್ಷತ್ರ, ಮಾಸಿದ ರಿಬ್ಬನ್ನು. ಆದರೆ ಮೊನ್ನೆ ಅಪ್ಪ ಅದನ್ನು ಕೋಟಿನಿಂದ ಬಿಚ್ಚಿ ಮೇಜಿನ ಮೇಲಿಟ್ಟು ಹೇಳಿದ: "ಸರ್ಕಾರದೋರು ಸುಮ್ಮನೆ ಬರೀತಾರಾ ಹೆಸ್ಟರ್? ನಾನೇ ಏನೋ ತಪ್ಪಾಗಿ ನೆನಪಿಟ್ಕೊಂಡಿದ್ದೀನೇನೋ." ಗುಂಡುಗಳಿಂದ ಆಗದ್ದನ್ನು ತಮ್ಮ ಒಂದು ಕಾಗದ ಮಾಡಿತು.

ಮೇ ಮೂವತ್ತಕ್ಕೆ ಊರಿನ ಹಳೆಯ ಸೈನಿಕರು ಗೋರಿಗಳಿಗೆ ಹೂವಿಡಲು ಮೆರವಣಿಗೆ ಹೋಗುತ್ತಾರೆ. ಈ ಸಲ ತಾನು ಬರುವುದಿಲ್ಲವೆಂದು ಅಪ್ಪ ಹೇಳಿದ್ದಾನೆ. ಅದಕ್ಕೆ ಮೊದಲು ಗ್ರಿಗ್ಸ್‌ಬಿಯವರ ಸಾಕ್ಷಿಯನ್ನು ತಾವು ಸ್ವೀಕರಿಸಬೇಕು, ಮತ್ತು ಸ್ವೀಕರಿಸಿದ್ದೇವೆಂದು ಗುಮಾಸ್ತರ ಹೆಸರಿನಲ್ಲಲ್ಲ, ತಮ್ಮ ಕೈಯಾರೆ ಬರೆಯಬೇಕು. ಅಂಚೆಯ ಗಾಡಿ ಬಂದಾಗಲೆಲ್ಲ ಅಪ್ಪ ಬಾಗಿಲಿಗೆ ಹೋಗಿ ನಿಲ್ಲುತ್ತಾನೆ, ನಂತರ ನನ್ನ ಮುಖ ನೋಡುತ್ತಾನೆ. ಇವತ್ತು ಅವನಿಗೆ ಏನು ಹೇಳಲಿ, ಮಾನ್ಯರೇ?

ಇಂತಿ,
ಉತ್ತರ ಬಾರದ ಪತ್ರಗಳನ್ನು ಬರೆದು ಕೈ ಪಳಗಿದ
ಹೆಸ್ಟರ್ ಪ್ರೌಟಿ, ಶಾಲಾ ಶಿಕ್ಷಕಿ