ಅಣ್ಣನ ಹತ್ತಿರ ಕಾರಣ ಕೇಳಿದೆ

ಮಾರ್ಚ್ ೧೪, ಸೋಮವಾರ

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಬಂದು ತಿಂಗಳಾಯಿತು. ಬೈದುಕೊಂಡಿರುತ್ತೀಯ, ಬೈದುಕೋ. ಪ್ರೆಸ್ಸಿನಲ್ಲಿ ಪಠ್ಯಪುಸ್ತಕಗಳ ಅವಸರ. ಊಟಕ್ಕೆ ಕೂತರೂ ಬೆರಳಿನ ಮಸಿ ಹೋಗಿರುವುದಿಲ್ಲ. ಅಣ್ಣ ಹೋದ ಸುದ್ದಿ ಫೋನಿನಲ್ಲಿ ನಿನಗೆ ಮುಟ್ಟಿದೆ. ಹೇಗೆ ಹೋದ ಎಂಬುದು ಮುಟ್ಟಿಲ್ಲ.

ಹೋದ ತಿಂಗಳು ಆಸ್ಪತ್ರೆಗೆ ಕರೆಸಿಕೊಂಡ. ಕಾಲೇಜಿನಲ್ಲಿ ಜೀವಮಾನವಿಡೀ ನೀತಿಶಾಸ್ತ್ರ ಪಾಠ ಮಾಡಿ ಬರೆದ ಪುಸ್ತಕದ ಹಸ್ತಪ್ರತಿ ಎದೆಯ ಮೇಲಿತ್ತು. "ನಾನು ಹೋದ್ಮೇಲೆ ಇದನ್ನ ಅಚ್ಚು ಹಾಕ್ಸು. ಮಾತು ಕೊಡು" ಅಂದ.

ಅಮ್ಮನ ಕುರುಡು ನಾಯಿ ನೆನಪಿದೆಯಲ್ಲ? ಕೊನೆಯ ದಿನ ಅಮ್ಮ ಅಣ್ಣನ ಕೈ ಹಿಡಿದು, "ಅದು ಇರೋವರೆಗೂ ನೋಡ್ಕೋ" ಎಂದಿದ್ದಳು. ಹೂಂ ಎಂದಿದ್ದ. ಅಮ್ಮ ಹೋಗಿ ವಾರ ಕಳೆಯುವುದರೊಳಗೆ ನಾಯಿಯನ್ನು ಪಶುವೈದ್ಯರ ಹತ್ತಿರ ಒಯ್ದು, ಸೂಜಿ ಚುಚ್ಚಿಸಿ ಮುಗಿಸಿಬಿಟ್ಟ. ನನಗೊಂದು ಮಾತೂ ಹೇಳಲಿಲ್ಲ. ಕೂಗಾಡಿದಾಗ ತರಗತಿಯಲ್ಲಿ ನಿಂತವನ ಹಾಗೆ ಕೇಳಿದ್ದ: "ಸತ್ತೋರಿಗೆ ಕೊಟ್ಟ ಮಾತು ಮುರಿದ್ರೆ ನಷ್ಟ ಯಾರಿಗೆ? ಕಾರಣ ಇಲ್ದಿರೋ ನಿಯಮ ಬರೀ ಅಭ್ಯಾಸ."

ಈಗ ಆಸ್ಪತ್ರೆಯಲ್ಲಿ ಆ ಪ್ರಶ್ನೆಯನ್ನೇ ಮೆಲ್ಲಗೆ ಅವನ ಮುಂದಿಟ್ಟೆ. "ನೀನು ಹೋದ್ಮೇಲೆ ನಾನು ಮಾತು ತಪ್ಪಿದ್ರೆ ನಷ್ಟ ಯಾರಿಗೆ, ಅಣ್ಣ?"

"ಓದೋರಿಗೆ."

"ಅವರು ಯಾರೂ ಇದನ್ನ ಕೇಳಿಲ್ವಲ್ಲ."

"ಮಾತು ಉಳಿಸ್ಕೊಳ್ದಿದ್ರೆ ಯಾರೂ ಯಾರನ್ನೂ ನಂಬಲ್ಲ."

"ಇಲ್ಲಿರೋದು ನಾವಿಬ್ರೇ. ಯಾರಿಗೆ ಗೊತ್ತಾಗುತ್ತೆ?"

ದಿನಾ ಸಂಜೆ ಹೋಗುತ್ತಿದ್ದೆ. ದಿಂಬು ಸರಿಮಾಡಿ, ಹಣ್ಣು ಬಿಡಿಸಿ ಕೊಟ್ಟು, "ಕಾರಣ ಸಿಕ್ತಾ?" ಎನ್ನುತ್ತಿದ್ದೆ. ಎಂಥಾ ತಂಗಿ ನೋಡಿ ಎಂದು ನರ್ಸ್ ಹೊಗಳುತ್ತಿದ್ದಳು. ನಿನ್ನ ಹತ್ತಿರ ಮುಚ್ಚಿಡುವುದೇನು, ಆ ದಿನಗಳಲ್ಲಿ ನನಗೆ ಹಸಿವು ಚೆನ್ನಾಗಿತ್ತು.

ಗುರುವಾರ ಉಸಿರಿಗೂ ಒದ್ದಾಡುತ್ತ ನನ್ನ ಮಣಿಕಟ್ಟು ಹಿಡಿದುಕೊಂಡ. "ಕಾರಣ ಇಲ್ಲ ಕಣೇ. ಕೇಳ್ಕೋತಿದೀನಿ, ಅಷ್ಟೆ."

"ಅಮ್ಮನೂ ಅಷ್ಟೇ ಮಾಡಿದ್ಲು" ಎಂದು ಕೈ ಬಿಡಿಸಿಕೊಂಡು ಬಂದೆ. ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಿದ್ದ.

ಹಸ್ತಪ್ರತಿ ನನ್ನ ಮೇಜಿನ ಮೇಲಿದೆ. ಅಚ್ಚು ಹಾಕುವುದಿಲ್ಲ. ಯಾಕೆ ಎಂದು ನೀನು ಕೇಳಿದರೆ, ಅವನು ಒಪ್ಪುವಂಥ ಕಾರಣ ನನ್ನಲ್ಲೂ ಇಲ್ಲ.

ಮಗುವಿಗೆ ಹಲ್ಲು ಬರುವ ಜ್ವರ ಇಳಿಯಿತೇ? ಅದರ ಕೆನ್ನೆಗೆ ನನ್ನದೊಂದು ಮುತ್ತು. ನಿನ್ನ ಮನೆ ತಣ್ಣಗಿರಲಿ.

ನಿನ್ನ,
ಅಕ್ಕ

ಮತ್ತೆ: ಒಂದು ನಾಯಿಗಾಗಿ ಇಷ್ಟೆಲ್ಲವೇ ಎಂದುಕೊಳ್ಳುತ್ತೀಯ. ಅಮ್ಮ ಅವನ ಕೈ ಹಿಡಿದಾಗ ನಾನು ಪಕ್ಕದಲ್ಲೇ ಇದ್ದೆ. ನಾಯಿ ನನ್ನ ಮಡಿಲಲ್ಲಿ ಮಲಗಿತ್ತು. "ನಾನು ನೋಡ್ಕೋತೀನಮ್ಮ" ಎಂದೆ. ಅಮ್ಮ ನನ್ನ ಕಡೆ ತಿರುಗಲೂ ಇಲ್ಲ. "ನೀನು ಸುಮ್ನಿರು. ಅವನಾದ್ರೆ ಮಾತು ಉಳಿಸ್ಕೋತಾನೆ" ಎಂದಳು.